ಸಮುದ್ರವರ್ಣನೆಯಲ್ಲಿ ಕಾಣದ ಹಡಗು

ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ದಂಡಿಯು ವರ್ಣನೆಗೆ ಯೋಗ್ಯವಾದ ವಸ್ತುಗಳನ್ನು ಎಣಿಸುತ್ತ, ನಗರವನ್ನು ಮೊದಲಿಟ್ಟು, ಅದರ ಬೆನ್ನಿಗೇ ಸಮುದ್ರವನ್ನು ಇಟ್ಟಿರುವನು. ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳೆಲ್ಲ ಆಮೇಲಿನವು. ಕನ್ನಡದ ಚಂಪೂಕವಿಗಳು ಈ ಪಟ್ಟಿಯನ್ನು ಅಷ್ಟಾದಶವರ್ಣನೆಗಳೆಂಬ ಕಟ್ಟಳೆಯಾಗಿ ತಲೆಯ ಮೇಲೆ ಹೊತ್ತರು. ಕಡಲನ್ನು ಕಂಡವನೂ ಕಾಣದವನೂ ಕಡಲನ್ನು ವರ್ಣಿಸಲೇಬೇಕಾಯಿತು. ಹೀಗೆ ಸಾಲುಗಟ್ಟಿ ಬಂದ ಸಮುದ್ರವರ್ಣನೆಗಳಲ್ಲಿ ಮಕರಗಳಿವೆ, ತಿಮಿಂಗಿಲಗಳಿವೆ, ಹವಳದ ಬಳ್ಳಿಗಳಿವೆ, ಬಡಬಾನಲವಿದೆ. ಮಂದರದಿಂದ ಕಡೆಯಿಸಿಕೊಂಡ ನೆನಪೂ, ನದಿಗಳಿಗೆಲ್ಲ ಪತಿಯಾದ ಹೆಮ್ಮೆಯೂ ಇವೆ. ಇಲ್ಲದಿರುವುದು ಹಡಗು. ಹಡಗಿನ ಹೆಸರೇ ಇಲ್ಲವೆಂದು ಹೇಳುವಂತಿಲ್ಲ. ವಣಿಕ್ಪುತ್ರರು ದ್ವೀಪಾಂತರಕ್ಕೆ ಹೋಗುವ ಜೈನಕಥೆಗಳಲ್ಲಿ ಬಹಿತ್ರವೆಂಬ ಮಾತು ಬಂದುಹೋಗುವುದುಂಟು. ಆದರೆ ಬಂದುಹೋಗುವುದಷ್ಟೆ. ಅದರ ಹಾಯಿಯ ಬಣ್ಣವೇನು, ಅದರಲ್ಲಿ ಏನನ್ನು ಹೇರಿದ್ದರು, ಅದು ಯಾವ ನದಿಯ ಯಾವ ಕಟ್ಟೆಗೆ ಬಂದು ನಿಂತಿತು ಎಂಬುದನ್ನು ಕೇಳಿದರೆ ಕಾವ್ಯವು ಬಾಯಿ ಬಿಡುವುದಿಲ್ಲ.

ಎಳಂದೂರಿನ ಷಡಕ್ಷರದೇವನನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಧನಗೂರಿನಲ್ಲಿ ಹುಟ್ಟಿ, ಎಳಂದೂರಿನ ಮಠದಲ್ಲಿ ನೆಲಸಿ, ಚಂಪೂಮಾರ್ಗವು ಬತ್ತಿಹೋಗಿದ್ದ ಕಾಲದಲ್ಲಿ ಅದಕ್ಕೆ ಮತ್ತೆ ನೀರೆರೆದ ಈ ಕವಿಯು ‘ರಾಜಶೇಖರವಿಳಾಸ’ವನ್ನು ಬರೆದದ್ದು 1650ರ ದಶಕದಲ್ಲಿ. ಅವನ ಊರಿನ ನೀರೆಂದರೆ ಸುವರ್ಣಾವತಿ. ಹರದಾರಿಗಳಾಚೆ ಕೊಳ್ಳೇಗಾಲದ ಮಗ್ಗುಲಲ್ಲಿ ಕಾವೇರಿ. ಅಲ್ಲಿಂದ ಪಡುವಣ ಕಡಲಿಗೆ ಘಟ್ಟಗಳು ಅಡ್ಡ, ಮೂಡಣ ಕಡಲಿಗೆ ತಮಿಳುನಾಡೇ ಅಡ್ಡ. ಇಂತಹವನಿಂದ ಹಡಗಿನ ವಾರ್ತೆಯನ್ನು ಕೇಳುವುದು ಅನ್ಯಾಯವೆಂದು ತೋರಬಹುದು. ಆದರೆ ಅದೇ ವರ್ಷಗಳಲ್ಲಿ ಕನ್ನಡ ನಾಡಿನ ಪಡುವಣ ಅಂಚಿನಲ್ಲಿ ನಡೆಯುತ್ತಿದ್ದುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1652ರಿಂದ 1654ರ ಒಳಗೆ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಗಂಗೊಳ್ಳಿ, ಬಸರೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಹಿಡಿದುಕೊಂಡನು. 1665ರ ಫೆಬ್ರವರಿಯಲ್ಲಿ ಶಿವಾಜಿಯು 85 ಸಣ್ಣ ಹಡಗುಗಳನ್ನೂ 3 ದೊಡ್ಡ ಹಡಗುಗಳನ್ನೂ ಕಟ್ಟಿಕೊಂಡು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಮಾಡಿದನು. ಅಷ್ಟು ದೂರದಿಂದ ಹಡಗು ಹತ್ತಿ ಬಂದು ಸೂರೆಮಾಡಲು ಅಲ್ಲಿ ಇದ್ದುದಾದರೂ ಏನು ಎಂಬ ಪ್ರಶ್ನೆಗೆ ಉತ್ತರವು ಕನ್ನಡದ ಕಾವ್ಯಗಳಲ್ಲಿ ಇಲ್ಲ. ಪರದೇಶದವರ ಬರವಣಿಗೆಯಲ್ಲಿ ಇದೆ.

ಬಸರೂರು ಸಮುದ್ರತೀರದ ಊರಲ್ಲ, ನದಿಯ ಬಂದರು. ಕುಂದಾಪುರದಿಂದ ಒಳನಾಡಿಗೆ ನಾಲ್ಕೈದು ಮೈಲಿ ಬಂದರೆ ವಾರಾಹಿಯ ದಡದಲ್ಲಿ ಸಿಕ್ಕುವುದು. ಕೆಳಗೆ ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕೆ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಕಡಲನ್ನು ಸೇರುತ್ತವೆ. ಕಡಲು ಏರಿದಾಗ ಉಪ್ಪುನೀರು ಹೊಳೆಯನ್ನು ಹಿಂದಕ್ಕೆ ತಳ್ಳಿಕೊಂಡು ಮೇಲೆ ಬರುವುದು. ಆ ಭರತವನ್ನು ಹಿಡಿದು ದೋಣಿಗಳು ಒಳಕ್ಕೆ ಬರುವುವು, ಇಳಿತವನ್ನು ಹಿಡಿದು ಹೊರಕ್ಕೆ ಹೋಗುವುವು. ಗಾಳಿಗೂ ಕಳ್ಳರಿಗೂ ಮರೆಯಾದ ಇಂತಹ ಸ್ಥಳವು ಹಳೆಯ ಕಾಲದ ವರ್ತಕರಿಗೆ ಬಲು ಮೆಚ್ಚು. ಸೀತಾನದಿಯ ಬಾರಕೂರು, ಶರಾವತಿಯ ಹೊನ್ನಾವರ, ಅಘನಾಶಿನಿಯ ಮಿರ್ಜಾನ, ಗುರುಪುರ ನೇತ್ರಾವತಿಗಳ ಮಂಗಳೂರು, ಇವೆಲ್ಲವೂ ಈ ಜಾತಿಯವೇ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಬಸರೂರನ್ನೂ ಬಾರಕೂರನ್ನೂ ತನ್ನ ಬಾಯಿಗೆ ಬಂದಂತೆ ಹೆಸರಿಸಿರುವನು. ಹದಿನಾರನೆಯ ಶತಮಾನದ ಮೊದಲಲ್ಲಿ ಪೋರ್ಚುಗೀಸಿನ ಬಾರ್ಬೋಸನು ಈ ಎರಡು ಹೊಳೆಗಳಿಂದ ಅಕ್ಕಿಯು ರಾಶಿರಾಶಿಯಾಗಿ ಹೊರಕ್ಕೆ ಹೋಗುವುದನ್ನು ಬರೆದಿರುವನು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಬಸರೂರಿನ ಸೆಟ್ಟಿಗಳ ಅಕ್ಕಿಯಿಂದಲೇ. ಮಸ್ಕತ್ತಿಗೂ ಹೊರ್ಮುಜಿಗೂ ಅದೇ ಅಕ್ಕಿ ಹೋಗುತ್ತಿತ್ತು. ಇತಿಹಾಸಕಾರ ಸಂಜಯ ಸುಬ್ರಹ್ಮಣ್ಯಂ ಅವರು 1600ರಿಂದ 1650ರ ವರೆಗಿನ ಬಸರೂರಿನ ಅಕ್ಕಿಯ ವ್ಯಾಪಾರವನ್ನೇ ವಿಷಯವಾಗಿ ಮಾಡಿಕೊಂಡು ಬರೆದಿರುವರು. ಆ ಬರವಣಿಗೆಗೆ ಆಧಾರವು ಪೋರ್ಚುಗೀಸರ ಕಾಗದಪತ್ರಗಳು.

ಈಗ ಅಲ್ಲಿ ಉಳಿದಿರುವುದು ಸ್ವಲ್ಪ. ಮೂಡುಕೇರಿ, ಪಡುಕೇರಿ ಎಂಬ ಹೆಸರುಗಳು, ಮಹಾಲಿಂಗೇಶ್ವರನ ದೇವಾಲಯ, ಆಲದ ಬೇರುಗಳ ಹಿಡಿತದಲ್ಲಿ ನಿಂತಿರುವ ತುಳುವೇಶ್ವರನ ಗುಡಿಯ ಮುರುಕಲ್ಲುಗಳು, ಕೆಲವು ಶಾಸನಗಳು. ವಾಚಕರ ಗಮನವನ್ನು ಈ ಶಾಸನಗಳ ಕಡೆಗೆ ಸೆಳೆಯಬೇಕಾಗಿದೆ. ಈ ಕರಾವಳಿಯ ಶಾಸನಗಳಲ್ಲಿ ಸೆಟ್ಟಿಕಾರರು, ನಖರ ಎಂಬವರ ಜೊತೆಗೆ ‘ಹಂಜಮಾನ’ ಎಂಬವರೂ ಬರುತ್ತಾರೆ. ಸೆಟ್ಟಿಕಾರರೂ ನಖರದವರೂ ದೇಶೀಯ ವರ್ತಕರು. ಹಂಜಮಾನವೆಂಬುದು ಪಾರಸಿಯ ‘ಅಂಜುಮನ್’, ಕಡಲಾಚೆಯಿಂದ ಬಂದು ನೆಲಸಿದ ವರ್ತಕರ ಕೂಟ. ಕಲ್ಲನ್ನು ಕಡೆದವನು ಯಾವ ಸಂಕೋಚವೂ ಇಲ್ಲದೆ ಈ ಮಾತಿಗೆ ಕನ್ನಡದ ಹಕಾರವನ್ನು ತೊಡಿಸಿ, ದೇವರ ದೀಪಕ್ಕೆ ಬಿಟ್ಟ ದತ್ತಿಯ ಪಕ್ಕದಲ್ಲಿ ನಿಲ್ಲಿಸಿದನು. ಕವಿಯು ನಿಲ್ಲಿಸಲಿಲ್ಲ. ಅವನ ಕೋಶದಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ಲಕ್ಷಣಗ್ರಂಥಗಳ ಬಿಗಿಯಿಂದಲೇ ಹೀಗಾಯಿತೆಂದೂ, ಕಟ್ಟಳೆಗೆ ಕಟ್ಟುಬಿದ್ದ ಕವಿಯ ಕಣ್ಣು ಕುರುಡಾಯಿತೆಂದೂ ಹೇಳುವುದು ಈಚಿನ ವಿಮರ್ಶೆಯ ವಾಡಿಕೆ. ಈ ಮಾತು ನಿಲ್ಲುವುದಿಲ್ಲ. ಆ ಕಟ್ಟಳೆಯನ್ನು ಹೇಳಿದ ದಂಡಿಯ ಹೆಸರಿನಲ್ಲೇ ನಡೆದುಬಂದಿರುವ ‘ದಶಕುಮಾರಚರಿತ’ವನ್ನು ತೆರೆದರೆ ಹಡಗು ಒಡೆಯುವುದಿದೆ, ಕಡಲಿಗೆ ಎಸೆಯಲ್ಪಟ್ಟ ಮಿತ್ರಗುಪ್ತನನ್ನು ಯವನರು ತಮ್ಮ ಹಡಗಿಗೆ ಎತ್ತಿಕೊಳ್ಳುವುದಿದೆ. ಹರ್ಷನ ‘ರತ್ನಾವಳಿ’ಯಲ್ಲಿ ಸಿಂಹಳದ ರಾಜಪುತ್ರಿಯು ಒಡೆದ ಹಡಗಿನ ಹಲಗೆಯೊಂದನ್ನು ಹಿಡಿದು ಬದುಕುವಳು, ಅವಳನ್ನು ಕಂಡು ಕರೆತರುವವನು ಕೌಶಾಂಬಿಯ ವರ್ತಕ. ಇವೆಲ್ಲಕ್ಕಿಂತ ಮಿಗಿಲಾದ ನಿದರ್ಶನವು ಶಾಕುಂತಲದ ಆರನೆಯ ಅಂಕದಲ್ಲಿರುವುದು. ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗು ಮುಳುಗಿ ಸತ್ತನೆಂದೂ, ಅವನಿಗೆ ಮಕ್ಕಳಿಲ್ಲವಾದುದರಿಂದ ಅವನ ಸೊತ್ತೆಲ್ಲ ಅರಸನಿಗೆ ಸೇರತಕ್ಕದ್ದೆಂದೂ ಮಂತ್ರಿಯಿಂದ ಓಲೆ ಬರುವುದು. ದುಷ್ಯಂತನು ಸೊತ್ತನ್ನು ಮುಟ್ಟುವುದಕ್ಕೆ ಮುಂಚೆ, ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೋ ವಿಚಾರಿಸಿರೆಂದು ಹೇಳುವನು. ಹಾಗೆ ಹೇಳುತ್ತ ಹೇಳುತ್ತ ತನ್ನ ಅನಪತ್ಯತೆಯು ನೆನಪಾಗಿ ಕುಸಿಯುವನು. ಕಡಲ ವ್ಯಾಪಾರ, ಸುಂಕ, ವಾರಸಿನ ಕಾನೂನು, ಇಷ್ಟು ಒಣ ಸಾಮಗ್ರಿಯಿಂದ ಕರುಣವನ್ನು ಹಿಂಡಿದ ಕವಿಯು ಲಕ್ಷಣವನ್ನು ಮೀರಿದವನೇನೂ ಅಲ್ಲ. ಬಸವಪ್ಪಶಾಸ್ತ್ರಿಗಳ ಅನುವಾದವಾದ ಮೇಲೆ ಕನ್ನಡದ ಮನೆಮನೆಯಲ್ಲಿ ಶಾಕುಂತಲವನ್ನು ಓದಿದರು. ಆದರೆ ನಾಲ್ಕನೆಯ ಅಂಕಕ್ಕೆ ಕಣ್ಣೀರಿಟ್ಟವರಲ್ಲಿ ಧನಮಿತ್ರನನ್ನು ನೆನಪಿಟ್ಟವರು ವಿರಳ.

ಶಬ್ದಗಳ ಅಭಾವವೂ ಕಾರಣವಲ್ಲ. ಪಾಠಶಾಲೆಯ ಹುಡುಗನು ಕಾವ್ಯವನ್ನು ಮುಟ್ಟುವ ಮೊದಲೇ ಬಾಯಿಪಾಠ ಮಾಡುವ ಅಮರಕೋಶದ ವಾರಿವರ್ಗದಲ್ಲಿ ಒಂದು ಬಂದರಿಗೆ ಬೇಕಾದಷ್ಟು ಮಾತುಗಳಿವೆ. ಹಡಗಿನ ವರ್ತಕನು ಸಾಂಯಾತ್ರಿಕ. ಚುಕ್ಕಾಣಿ ಹಿಡಿದವನು ಕರ್ಣಧಾರ. ಹಡಗನ್ನು ನಡೆಯಿಸುವವರು ನಿಯಾಮಕರು. ನಡುವೆ ನಿಲ್ಲಿಸಿದ ಮರವು ಕೂಪಕ. ದೋಣಿಯೊಳಗಿನ ನೀರನ್ನು ಎತ್ತಿ ಚೆಲ್ಲುವ ಪಾತ್ರೆಗೂ, ಹೊಳೆ ದಾಟಿಸಿದ್ದಕ್ಕೆ ಕೊಡುವ ಕೂಲಿಗೂ ಬೇರೆ ಬೇರೆ ಹೆಸರುಗಳಿವೆ. ಕೂಪಕಕ್ಕೂ ಕನ್ನಡದ ‘ಕೂವೆ’ಗೂ ಇರುವ ನೆಂಟಸ್ತಿಕೆಯಲ್ಲಿ ಯಾರು ಯಾರಿಂದ ಪಡೆದರೆಂಬುದನ್ನು ಭಾಷಾಶಾಸ್ತ್ರಜ್ಞರು ಇತ್ಯರ್ಥ ಮಾಡಲಿ. ಇಷ್ಟು ಮಾತುಗಳಲ್ಲಿ ಕನ್ನಡದ ಸಾಹಿತ್ಯವು ಎತ್ತಿಕೊಂಡದ್ದು ಮುಖ್ಯವಾಗಿ ಕರ್ಣಧಾರನನ್ನು, ಅವನನ್ನೂ ಹಡಗಿನಿಂದ ಇಳಿಸಿ, ರಾಜ್ಯಕ್ಕೋ ಮಠಕ್ಕೋ ಮುಖಂಡನನ್ನಾಗಿ ಮಾಡಿ.

ಇತ್ತ ಹಡಗಿನವರ ಬಾಯಲ್ಲಿದ್ದ ಮಾತುಗಳ ಗತಿಯು ಬೇರೆಯಾಯಿತು. ‘ಬಂದರು’ ಪಾರಸಿಯದು, ‘ಲಂಗರು’ ಪಾರಸಿಯದು, ‘ಚುಕ್ಕಾಣಿ’ಯ ಮೂಲವು ಅರಬರ ‘ಸುಕ್ಕಾನ್’, ‘ಖಲಾಸಿ’ಯೂ ಆ ಕಡೆಯದೇ. ಚಂಪೂಕವಿಗಳು ಇವನ್ನು ಹೊಸಿಲಿನ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಹಾಗಿದ್ದೂ ಇವು ಘಟ್ಟ ಹತ್ತಿ ಬಂದವು. ಹನೂರಿನ ಸಂತೆಯಲ್ಲಿ ಪತ್ರಿಕೆಯನ್ನು ಓದುವವನು, ಹುಟ್ಟಿದಾರಭ್ಯ ಕಡಲನ್ನು ಕಾಣದಿದ್ದರೂ, ಆಡಳಿತದ ಚುಕ್ಕಾಣಿಯು ಯಾರ ಕೈಗೆ ಹೋಯಿತೆಂಬುದನ್ನು ತಡವರಿಸದೆ ಓದಿಬಿಡುವನು. ಬಸರೂರಿನಂತಹ ಬಂದರುಗಳ ಅವಶೇಷವು ವಾರಾಹಿಯ ದಡದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಮಾತಿನಲ್ಲಿದೆ.

ಹಾಗಾದರೆ ಕನ್ನಡದ ಕಾವ್ಯದಲ್ಲಿ ನಿಜವಾಗಿ ತೇಲಿದ್ದು ಯಾವುದು? ಇದಕ್ಕೆ ಉತ್ತರವು ಕೊಳ್ಳೇಗಾಲದ ನೆರೆಯಲ್ಲೇ ಇದೆ. ಶಿವನಸಮುದ್ರದಲ್ಲಿ ಕಾವೇರಿಯು ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವಳು. ಮುಂದೆ ಮೇಕೆದಾಟಿನ ಇಕ್ಕಟ್ಟು, ಅದರ ಮುಂದೆ ಹೊಗೇನಕಲ್ಲಿನ ಬಂಡೆಗಳು. ಇಂತಹ ಹೊಳೆಯಲ್ಲಿ ಉದ್ದಕ್ಕೆ ಹೋಗುವ ನಾವೆಗೆ ಕೆಲಸವಿಲ್ಲ. ಅಡ್ಡಕ್ಕೆ ದಾಟುವ ಹರಿಗೋಲಿಗೆ ಮಾತ್ರ ಕೆಲಸ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಚರ್ಮವನ್ನು ಬಿಗಿದು, ಒಂದೇ ಹುಟ್ಟಿನಿಂದ ತಿರುತಿರುಗಿಸುತ್ತ ದಾಟಿಸುವ ಈ ಗುಂಡನೆಯ ದೋಣಿಯು ಕಾವೇರಿಗೂ ತುಂಗಭದ್ರೆಗೂ ಸಮಾನ. ವಚನಕಾರ ಅಂಬಿಗರ ಚೌಡಯ್ಯನ ವೃತ್ತಿಯು ದಾಟಿಸುವುದು. ಪುರಂದರದಾಸರು ಶರೀರವನ್ನು ಒಂಬತ್ತು ತೂತುಗಳ ದೋಣಿಯೆಂದು ಹಾಡಿ, ಅಂಬಿಗನಾದ ಹರಿಗೆ ಮೊರೆಯಿಟ್ಟರು. ಸಂಸಾರವು ಸಾಗರವೆಂಬುದು ಮಾತಿಗೆ. ಆ ಸಾಗರಕ್ಕೆ ಆಚೆಯ ದಡವೊಂದಿದೆ, ಅದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ, ದಾಟಿದ ಮೇಲೆ ಹಿಂದಕ್ಕೆ ಬರುವ ಮಾತಿಲ್ಲ. ಕಡಲ ವರ್ತಕನ ಅನುಭವವು ಇದಕ್ಕೆ ತಿರುವುಮುರುವು. ಅವನಿಗೆ ಹೋಗುವುದರಷ್ಟೇ ಬರುವುದೂ ಮುಖ್ಯ. ಬಂದ ಮೇಲೆ ಲೆಕ್ಕ ಒಪ್ಪಿಸುವುದು ಅದಕ್ಕಿಂತ ಮುಖ್ಯ. ಪೂರ್ವಾಶ್ರಮದಲ್ಲಿ ದೊಡ್ಡ ವರ್ತಕರೆಂದು ಪ್ರತೀತಿಯುಳ್ಳ ಪುರಂದರದಾಸರೇ ವ್ಯಾಪಾರದ ರೂಪಕವನ್ನು ಎತ್ತಿಕೊಂಡಾಗ, ಹರಿನಾಮವೆಂಬ ಸಕ್ಕರೆಯನ್ನು ಮಾರುವಾಗ, ಅದು ಎತ್ತಿನ ಮೇಲೆ ಹೇರಿ ತಂದ ಸರಕಲ್ಲವೆನ್ನುತ್ತಾರೆ. ಹೇರೆಂದರೆ ಅವರಿಗೆ ನೆನಪಾದದ್ದು ಎತ್ತು.

ಇಲ್ಲಿ ರಘುವಂಶದ ಮೊದಲಲ್ಲಿರುವ ವಿನಯೋಕ್ತಿಯನ್ನು ನೆನೆಯಬೇಕು. ಸೂರ್ಯವಂಶವನ್ನು ವರ್ಣಿಸಹೊರಟ ತಾನು ಉಡುಪವನ್ನು ಹತ್ತಿ ಸಾಗರವನ್ನು ದಾಟಹೊರಟ ಮರುಳನೆಂದು ಕಾಳಿದಾಸನು ಹೇಳಿಕೊಳ್ಳುವನು. ಉಡುಪವೆಂದರೇನು? ವ್ಯಾಖ್ಯಾನಕಾರ ಮಲ್ಲಿನಾಥನು ಹಳೆಯ ಕೋಶವೊಂದರ ಮಾತನ್ನು ಎತ್ತಿಕೊಟ್ಟು, ಚರ್ಮವನ್ನು ಬಿಗಿದ ದೋಣಿಯೆಂದು ವಿವರಿಸುವನು. ಅದು ಹರಿಗೋಲಲ್ಲದೆ ಬೇರೆಯಲ್ಲ. ಕಾಳಿದಾಸನು ಮರುಳುತನವೆಂದು ಕರೆದುದನ್ನೇ ಕನ್ನಡದ ಸಂತರು ನಂಬಿಕೆಯಿಂದ ಮಾಡಿದರು. ಅವರ ಹಾಡುಗಳ ಬಲವು ಅಲ್ಲಿಂದಲೇ ಬಂದುದು, ಏಕೆಂದರೆ ಹರಿಗೋಲನ್ನು ಅವರು ಕಂಡಿದ್ದರು, ಹತ್ತಿದ್ದರು, ಅದು ನಡುಹೊಳೆಯಲ್ಲಿ ಗಿರನೆ ತಿರುಗುವಾಗಿನ ಭಯವನ್ನು ಬಲ್ಲವರಾಗಿದ್ದರು. ಚಂಪೂಕವಿಗಳ ಕಡಲು ಸಪ್ಪೆಯಾಗಿರುವುದಕ್ಕೆ ಕಾರಣವೂ ಇದರಲ್ಲೇ ಸಿಕ್ಕುವುದು. ಷಡಕ್ಷರಿಯ ಶಬ್ದಸಾಮರ್ಥ್ಯವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಅದೇ ಎಳಂದೂರಿನಿಂದ ಚಿಕ್ಕದೇವರಾಜರ ಅರಮನೆಗೆ ಹೋದ ಸಂಚಿಯ ಹೊನ್ನಮ್ಮನು ಮನೆಯೊಳಗಿನ ಬಾಳನ್ನು ಸಾಂಗತ್ಯದಲ್ಲಿ ಹೇಳಿದಾಗ ಓದುವವರ ಮನಸ್ಸು ನಿಲ್ಲುವಂತೆ, ಚಂಪುವಿನ ವರ್ಣನೆಗಳಲ್ಲಿ ನಿಲ್ಲುವುದಿಲ್ಲ.

ಒಳನಾಡಿನ ಕವಿಗಳನ್ನು ಹೀಗೆ ಕ್ಷಮಿಸಬಹುದು. ಕಡಲ ಮಗ್ಗುಲಲ್ಲೇ ಇದ್ದವರನ್ನು ಹಾಗೆ ಸುಲಭವಾಗಿ ಬಿಡಲಾಗದು. ಹದಿನಾರನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿಯು ಊಟ, ಉಡುಗೆ, ನೃತ್ಯ, ಸರಸಗಳನ್ನು ಕಣ್ಣಿಗೆ ಕಟ್ಟುವಂತೆ ಬರೆದವನು. ಅವನ ಭರತ ಚಕ್ರವರ್ತಿಯು ದಿಗ್ವಿಜಯದಲ್ಲಿ ಕಡಲಂಚಿಗೆ ಬರುವನು. ಅಲ್ಲಿ ಮಾಗಧಾಮರನು ಶರಣಾಗುವನು. ಪುರಾಣವು ಕೇಳುವುದು ಅಷ್ಟನ್ನೇ, ಸರಿ. ಆದರೆ ಪೋರ್ಚುಗೀಸರ ಹಾಯಿಗಳು ದಿನವೂ ಕಾಣುತ್ತಿದ್ದ ಕಾಲದ ಕವಿ ಅವನು. ಋತುವರ್ಣನೆಯಲ್ಲೂ ಇದೇ ಕಥೆ. ಮಳೆಗಾಲವೆಂದರೆ ವಿರಹವೆಂಬುದು ಕವಿಸಮಯ. ಕರಾವಳಿಯಲ್ಲಿ ಮಳೆಗಾಲವೆಂದರೆ ಹಡಗುಗಳನ್ನು ದಡಕ್ಕೆಳೆದು ತೆಂಗಿನ ಗರಿಯ ಮಾಡು ಹೊದಿಸುವ ಕಾಲ, ಗಂಡಸರು ಮನೆಯಲ್ಲಿರುವ ಕಾಲ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ಪೂಜೆ ಸಲ್ಲಿಸಿದ ಮೇಲೆ ಕಡಲು ತೆರೆಯುವುದು, ವಿರಹವು ಮೊದಲಾಗುವುದು. ಶರತ್ಕಾಲದ ತಿಳಿಬೆಳಕಿನಲ್ಲಿ ಕಣ್ಣೀರಿಡುವ ನಾಯಿಕೆಯೊಬ್ಬಳನ್ನು ಕರಾವಳಿಯ ಕವಿಯು ತರಬಹುದಾಗಿತ್ತು, ತರಲಿಲ್ಲ.

ಆದರೆ ಬರೆಯಲಾರದವರು ಹಾಡಿದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ತುಳು ಪಾಡ್ದನಗಳಲ್ಲಿ ಬೊಬ್ಬರ್ಯನ ಕಥೆಯಿದೆ. ಪಾಠಭೇದಗಳು ಅನೇಕವಾದರೂ ತಿರುಳು ಇದು: ತಂದೆಯು ಮುಸಲ್ಮಾನ ವರ್ತಕ, ತಾಯಿಯು ಈ ನೆಲದವಳು, ಮಗನು ಹಡಗು ಕಟ್ಟಿಸಿ ಕಡಲ ವ್ಯಾಪಾರಕ್ಕೆ ಹೋಗಿ, ಕಡಲಲ್ಲೇ ಮಡಿದು, ಮೊಗವೀರರ ದೈವವಾದನು. ಶಾಸನದ ಹಂಜಮಾನವು ಇಲ್ಲಿ ಮನುಷ್ಯನಾಗಿ, ಮನುಷ್ಯನು ದೈವವಾಗಿ ನಿಂತಿರುವನು. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ 1897ರ ವರೆಗೆ ಅಚ್ಚಾದವು. ಕೊಳ್ಳೇಗಾಲದ ಸೀಮೆಯವರಿಗೆ ಇದು ಹೊಸದಲ್ಲ. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿಯೂ ಕಾವೇರಿಯ ದಡದ ಆಲಂಬಾಡಿಯು ಆಲಂಬಾಡಿಯೇ, ಜುಂಜೇಗೌಡನ ದನಗಳು ದನಗಳೇ. ಜಾನಪದದ ಹಾಡುಗಾರನಿಗೆ ಊರಿನ ಹೆಸರನ್ನು ಬಿಟ್ಟು ಕಥೆಯು ಮುಂದಕ್ಕೆ ಹೋಗದು.

ಕಾವೇರಿಯ ಇನ್ನೊಂದು ತುದಿಯಲ್ಲಿ ಪಂಡಿತಕವಿಗಳೂ ಹಾಗೆಯೇ ಇದ್ದರೆಂಬುದು ಕನ್ನಡಿಗರಿಗೆ ಸ್ವಲ್ಪ ನಾಚಿಕೆಯ ವಿಷಯ. ಈ ಹೊಳೆಯೇ ಕಡಲನ್ನು ಸೇರುವ ಪೂಂಪುಹಾರಿನಲ್ಲಿ ಚೋಳರ ಬಂದರಿತ್ತು. ಕರಿಕಾಲನನ್ನು ಕುರಿತ ‘ಪಟ್ಟಿನಪ್ಪಾಲೈ’ ಎಂಬ ಸಂಘಕಾಲದ ಕೃತಿಯಲ್ಲಿ, ಕಡಲಿನಿಂದ ಬಂದ ಕುದುರೆ, ಗಾಡಿಯಲ್ಲಿ ಬಂದ ಮೆಣಸಿನ ಮೂಟೆ, ಪಡುವಣ ಮಲೆಯ ಗಂಧ, ತೆಂಕಣ ಕಡಲ ಮುತ್ತು, ಈಳದ ಆಹಾರ, ಇವುಗಳ ಮೇಲೆ ಅರಸನ ಹುಲಿಮುದ್ರೆಯನ್ನು ಒತ್ತುವ ಸುಂಕದವರು, ಎಲ್ಲವೂ ಇವೆ. ಕವಿಯು ಉಗ್ರಾಣದ ಲೆಕ್ಕವನ್ನು ಓದುವವನಂತೆ ಓದುತ್ತ ಹೋದರೂ ಅದು ಕಾವ್ಯವೇ ಆಗಿರುವುದು. 1960ರ ದಶಕದಲ್ಲಿ ಅಲ್ಲಿಯ ಕೀಳೈಯೂರಿನಲ್ಲಿ ನೆಲವನ್ನು ಅಗೆದಾಗ ಇಟ್ಟಿಗೆಯ ಹಡಗುಕಟ್ಟೆಯೂ, ದೋಣಿ ಕಟ್ಟುವ ಮರದ ಗೂಟಗಳೂ ದೊರೆತವು. 1956ರ ವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಹಿರಿಯರಲ್ಲಿ ತಮಿಳು ಬಲ್ಲವರು ಅನೇಕರಿದ್ದರು. ಆ ಕಾವ್ಯವು ಕನ್ನಡದ ವಿಮರ್ಶೆಗೆ ಇನ್ನಷ್ಟು ಒದಗಬಹುದಾಗಿತ್ತು.

1940ರ ದಶಕದ ಆರಂಭದಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಬಂದಾಗ, ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಕೋಡಿಯೆಂಬ ಗ್ರಾಮವು ಕನ್ನಡದ ಬರವಣಿಗೆಯೊಳಕ್ಕೆ ಬಂದಿತು. ಮಕರವೂ ಬಡಬಾನಲವೂ ಇಲ್ಲದ ಕಡಲನ್ನು ಕನ್ನಡಿಗರು ಅಲ್ಲಿ ನೋಡಿದರು. ಕಾರಂತರ ಗಮನವೆಲ್ಲ, ಹೆಸರೇ ಹೇಳುವಂತೆ, ಮಣ್ಣಿನ ಮೇಲೆ, ಬಂದರಿನ ಮೇಲಲ್ಲ. ಅದು ಆ ಕಾದಂಬರಿಯ ದೋಷವಲ್ಲ. ಆದರೆ ಅಷ್ಟು ಹತ್ತಿರಕ್ಕೆ ಹೋದ ಕಣ್ಣು ಒಂದು ಮಂಜಿಯ ಮೇಲೆ ನೆಲಸಿದ್ದರೆ ಎಂದು ವಾಚಕನಿಗೆ ಅನ್ನಿಸದಿರದು. ಏಕೆಂದ‌ರೆ ಹಾಯಿಯ ಮಂಜಿ, ಮಚವೆ, ಪತ್ತೆಮಾರಿಗಳು ಆಗ ಇನ್ನೂ ಇದ್ದವು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಹೆಂಚುಗಳು ಈ ಹಡಗುಗಳಲ್ಲೇ ಮುಂಬಯಿಗೆ ಹೋಗುತ್ತಿದ್ದವು. ರಸ್ತೆ, ಲಾರಿ, ರೈಲುಗಳು ಬಂದಂತೆ ಹಾಯಿಗಳು ಇಳಿದವು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ, ಯಂತ್ರವನ್ನು ಜೋಡಿಸಿದ ಮಂಜಿಗಳು ಲಕ್ಷದ್ವೀಪಕ್ಕೆ ದಿನಸಿಯನ್ನೂ ಕಲ್ಲು ಮರಳನ್ನೂ ಒಯ್ಯುತ್ತವೆ. ಮಳೆಗಾಲದಲ್ಲಿ ಅವು ಗುರುಪುರ ಹೊಳೆಯಲ್ಲಿ ಲಂಗರು ಹಾಕಿ ನಿಲ್ಲುತ್ತವೆ.

ಹಳೆಯ ಕಾವ್ಯಗಳನ್ನು ಅಚ್ಚುಹಾಕುವ ಸಂಪಾದಕರಿಗೆ ಒಂದು ಮಾತು ಸಲ್ಲಬೇಕು. ಪೋತ, ಬಹಿತ್ರ, ನೌಕೆ, ದ್ರೋಣಿ, ಉಡುಪ, ಈ ಐದು ಶಬ್ದಗಳಿಗೂ ಕೊನೆಯ ಅರ್ಥಕೋಶದಲ್ಲಿ ‘ಹಡಗು’ ಎಂದು ಒಂದೇ ಅರ್ಥವನ್ನು ಬರೆದುಬಿಡುವ ಪದ್ಧತಿಯು ಬೆಳೆದುಬಂದಿದೆ. ಅಮರಸಿಂಹನು ಇವನ್ನು ಬೇರೆ ಬೇರೆಯಾಗಿ ಇಟ್ಟಿದ್ದನು. ಉಡುಪವು ಹಡಗಾದರೆ ಕಾಳಿದಾಸನು ಕಡಲನ್ನು ದಾಟುವುದರಲ್ಲಿ ಮರುಳುತನವೇನೂ ಉಳಿಯುವುದಿಲ್ಲ. ಹಡಗು ಇರುವುದೇ ಅದಕ್ಕೆ. ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿಗಳು ಇನ್ನೂ ಇರುವರು. ಅರ್ಥಕೋಶವನ್ನು ಬರೆಯುವವರು ಒಮ್ಮೆ ಅವರ ಕೊಟ್ಟಿಗೆಗೆ ಹೋಗಿ, ಯಾವುದನ್ನು ಏನೆಂದು ಕರೆಯುವರೆಂದು ಕೇಳಿಕೊಂಡು ಬರಲಿ.